ಕೊನೆಯ ಬಾಸ್ ಎರಡೇ ಸುತ್ತಿನಲ್ಲಿ ಬಿದ್ದರೆ: ಕಾಳಗದ ದೋಷವನ್ನು ಹುಡುಕುವ ಕ್ರಮ

ಕಳೆದ ಆಟಿ ತಿಂಗಳಲ್ಲಿ, ಬದಿಯಡ್ಕದ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ, ಹದಿನಾಲ್ಕು ತಿಂಗಳಿಂದ ನಡೆಯುತ್ತಿದ್ದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕ್ಯಾಂಪೇನಿನ, ಅಂದರೆ ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ದಾಳ ಎಸೆದು ಆಡುವ ದೀರ್ಘ ಕಥೆಯ, ಕೊನೆಯ ಕಾಳಗ ನಡೆಯಿತು. ಐದು ಮಂದಿ ಆಟಗಾರರು, 11ನೆಯ ಮಟ್ಟಕ್ಕೇರಿದ ಅವರ ಐದು ಪಾತ್ರಗಳು, ಎದುರಿಗೆ ಕಡಲತಡಿಯ ಕೋಟೆಯೊಂದನ್ನು ವಶಮಾಡಿಕೊಂಡು ಕುಳಿತ ಪ್ರಾಯಕ್ಕೆ ಬಂದ ಕೆಂಪು ಡ್ರ್ಯಾಗನ್. ಅದರ ಹೆಸರು ಮೊದಲ ದಿನದಿಂದಲೇ ಕಥೆಯಲ್ಲಿತ್ತು. ಸುಟ್ಟ ಊರುಗಳು, ಓಡಿಬಂದ ಜನರು, ಮುರಿದ ಸೇತುವೆಗಳು, ಎಲ್ಲವೂ ಅದರ ಕಡೆಗೇ ಬೆರಳು ತೋರಿಸುತ್ತಿದ್ದವು. ಕಥೆಯ ಬಾಸ್, ಅಂದರೆ ಮುಖ್ಯ ಎದುರಾಳಿಯಾದ ಅಂಥ ಡ್ರ್ಯಾಗನ್ ಎರಡನೆಯ ಸುತ್ತು (ಒಂದು ಸುತ್ತೆಂದರೆ ಎಲ್ಲರಿಗೂ ಒಂದೊಂದು ಸರದಿ) ಮುಗಿಯುವಷ್ಟರಲ್ಲಿ ಸತ್ತುಬಿದ್ದಿತು. ಮೂವತ್ತೈದು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಯೋಧನ ಪಾತ್ರ ಆಡುತ್ತಿದ್ದ ನನ್ನ ಭಾವ, ಎಸೆಯಬೇಕೆಂದು ಎತ್ತಿಕೊಂಡ ದಾಳಗಳನ್ನು ಅಂಗೈಯಲ್ಲೇ ಹಿಡಿದುಕೊಂಡು, "ಇಷ್ಟೇಯಾ ಭಾವ?" ಎಂದು ಮೆಲ್ಲಗೆ ಕೇಳಿದರು. ಆ ಪ್ರಶ್ನೆಯಲ್ಲಿ ದೂರು ಇರಲಿಲ್ಲ, ನಿರಾಸೆ ಇತ್ತು. ಅದು ನನ್ನನ್ನು ಹೆಚ್ಚು ನೋಯಿಸಿತು.

ಆಮೇಲಿನ ಮೂರು ತಿಂಗಳು ನಾನು ಆ ಕಾಳಗವನ್ನು ಕಾಗದದ ಮೇಲೆ ಬಿಡಿಸಿ ನೋಡಿದೆ. ನಮ್ಮ ಕಡೆ ಆಟ ನಡೆಸುವವನನ್ನು ಡಿಎಂ (ಡಂಜನ್ ಮಾಸ್ಟರ್) ಎನ್ನುವುದಕ್ಕಿಂತ ಭಾಗವತರು ಎನ್ನುವುದೇ ರೂಢಿಯಾಗಿಬಿಟ್ಟಿದೆ, ಏಕೆಂದರೆ ಮೇಜಿನ ಸುತ್ತ ಕುಳಿತವರಲ್ಲಿ ಇಬ್ಬರು ಯಕ್ಷಗಾನದ ಹಿಮ್ಮೇಳದವರು. ಭಾಗವತರ ಸ್ಥಾನದಲ್ಲಿ ಕುಳಿತವರು ಈ ದೋಷವನ್ನು ಹೇಗೆ ಪತ್ತೆಹಚ್ಚಬೇಕು, ಯಾವ ಲಕ್ಷಣಕ್ಕೆ ಯಾವ ಕಾರಣವಿರುತ್ತದೆ, ಯಾವುದನ್ನು ಮುಟ್ಟಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕಗಳೆಲ್ಲ 2014ರಲ್ಲಿ ಬಂದ ಐದನೆಯ ಆವೃತ್ತಿಯ ನಿಯಮಗಳಿಗೆ ಸಂಬಂಧಿಸಿದವು. ಬೇರೆ ನಿಯಮಗಳಲ್ಲಿ ವ್ಯತ್ಯಾಸವಿರುವ ಕಡೆ ಅದನ್ನು ಹೇಳಿದ್ದೇನೆ.

ಮೊದಲು ದಾಖಲೆ

ಬಾಸ್ ಬೇಗ ಸತ್ತಿತೆಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸವೆಂದರೆ ಮುಂದಿನ ಬಾಸ್‌ನ ಹಿಟ್ ಪಾಯಿಂಟುಗಳನ್ನು, ಅಂದರೆ ಅದು ತಾಳಬಲ್ಲ ಒಟ್ಟು ಪೆಟ್ಟನ್ನು, ಎರಡುಪಟ್ಟು ಮಾಡುವುದು. ನಾನೂ ಹಿಂದೆ ಹಾಗೆಯೇ ಮಾಡಿದ್ದೆ, ಮತ್ತು ಅದರಿಂದ ಬೇಸರದ ಕಾಳಗಗಳೇ ಹುಟ್ಟಿದವು. ಔಷಧ ಕೊಡುವ ಮುನ್ನ ರೋಗ ಯಾವುದೆಂದು ತಿಳಿಯಬೇಕು, ಅದಕ್ಕೆ ಕಾಳಗದ ದಾಖಲೆ ಬೇಕು. ನೆನಪನ್ನು ನಂಬಬಾರದು, ಆಟ ಮುಗಿದ ರಾತ್ರಿಯೇ ನೆನಪು ಕಥೆಯಾಗಿ ಬದಲಾಗಿರುತ್ತದೆ.

ಒಂದು ಹಾಳೆಯಲ್ಲಿ ನಾಲ್ಕು ಸಂಗತಿಗಳನ್ನು ಬರೆದರೆ ಸಾಕು. ಕಾಳಗ ಆರಂಭವಾದಾಗ ಪ್ರತಿ ಪಾತ್ರದ ಬಳಿ ಉಳಿದಿದ್ದ ಸ್ಪೆಲ್ ಸ್ಲಾಟುಗಳು (ಮಂತ್ರ ಹಾಕಿದಾಗ ಒಂದೊಂದಾಗಿ ಖರ್ಚಾಗುವ ಪಾಲುಗಳು) ಮತ್ತು ದಿನಕ್ಕೊಂದೆರಡು ಬಾರಿ ಮಾತ್ರ ಬಳಸಬಹುದಾದ ಶಕ್ತಿಗಳು ಎಷ್ಟು ಎಂಬುದು ಮೊದಲನೆಯದು. ಪ್ರತಿ ಸುತ್ತಿನಲ್ಲಿ ಬಾಸ್‌ಗೆ ತಗುಲಿದ ಒಟ್ಟು ಪೆಟ್ಟು ಎರಡನೆಯದು. ಬಾಸ್ ಏನನ್ನೂ ಮಾಡಲಾಗದೆ ಕಳೆದುಕೊಂಡ ಸರದಿಗಳ ಸಂಖ್ಯೆ ಮೂರನೆಯದು. ಇದನ್ನು ಬರೆಯುವವರು ತೀರ ಕಡಿಮೆ, ಆದರೆ ನನ್ನ ಅನುಭವದಲ್ಲಿ ಅತಿ ಹೆಚ್ಚು ಸತ್ಯವನ್ನು ಹೇಳುವ ಸಂಖ್ಯೆ ಇದೇ. ಒಂದು ಸುತ್ತಿಗೆ ಗಡಿಯಾರದಲ್ಲಿ ಹಿಡಿದ ನಿಮಿಷಗಳು ನಾಲ್ಕನೆಯದು.

ನನ್ನ ಹಾಳೆಯಲ್ಲಿ ಕಂಡದ್ದು ಹೀಗಿತ್ತು: ಹಿಂದಿನ ಆಟದ ಕೊನೆಯಲ್ಲಿ ಎಲ್ಲರೂ ಲಾಂಗ್ ರೆಸ್ಟ್ (ಶಕ್ತಿಗಳೆಲ್ಲ ಮರಳುವ ಎಂಟು ಗಂಟೆಯ ವಿಶ್ರಾಂತಿ) ಮುಗಿಸಿದ್ದರು, ಆದ್ದರಿಂದ ಯಾರ ಬಳಿಯೂ ಏನೂ ಖರ್ಚಾಗಿರಲಿಲ್ಲ, ಮೊದಲ ಸುತ್ತಿನಲ್ಲಿ ಡ್ರ್ಯಾಗನ್‌ಗೆ 143 ಪೆಟ್ಟು, ಎರಡನೆಯದರಲ್ಲಿ ಉಳಿದದ್ದೆಲ್ಲ, ಡ್ರ್ಯಾಗನ್‌ಗೆ ಸಿಕ್ಕಿದ್ದು ಒಂದೇ ಒಂದು ಪೂರ್ಣ ಸರದಿ.

ಲಕ್ಷಣ: ಬಾಸ್ ಬೇಗ ಸಾಯುತ್ತದೆ

ಪುಸ್ತಕದ ಲೆಕ್ಕದ ಪ್ರಕಾರ ನನ್ನ ಕಾಳಗ ಹಗುರವಾಗಿರಲಿಲ್ಲ. ಪ್ರಾಯದ ಕೆಂಪು ಡ್ರ್ಯಾಗನ್‌ನ ಚಾಲೆಂಜ್ ರೇಟಿಂಗ್ (ಕಾಠಿಣ್ಯದ ಅಂಕ) 17, ಅದರ ಬೆಲೆ 18,000 ಎಕ್ಸ್‌ಪಿ (ಅನುಭವದ ಅಂಕ). 11ನೆಯ ಮಟ್ಟದ ಪಾತ್ರವೊಂದಕ್ಕೆ ಪ್ರಾಣಾಂತಿಕ ಕಾಳಗದ ಗಡಿ 3,600. ಐದು ಮಂದಿಗೆ ಸೇರಿ 18,000. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಪ್ರಾಣಾಂತಿಕದ ಹೊಸ್ತಿಲಿನಲ್ಲೇ ನಿಂತಿದ್ದ ಈ ಕಾಳಗ ಏಕೆ ಹೀಗಾಯಿತು ಎಂಬುದಕ್ಕೆ ಆ ಕೋಷ್ಟಕದಲ್ಲಿ ಉತ್ತರ ಸಿಗುವುದಿಲ್ಲ. ಪಾತ್ರಗಳು ಒಂದು ಸುತ್ತಿನಲ್ಲಿ ಸರಾಸರಿ ಎಷ್ಟು ಪೆಟ್ಟು ಕೊಡಬಲ್ಲವು ಎಂಬುದನ್ನು ನಾವೇ ಲೆಕ್ಕಹಾಕಬೇಕು.

ಯೋಧನನ್ನು ತೆಗೆದುಕೊಳ್ಳೋಣ. ಅವನ ಬಳಿ ಒಂದಂಕದ ಮಾಯಾಬಲವಿರುವ ಎರಡು ಕೈಯ ಖಡ್ಗವಿತ್ತು. ದಾಳಿಗೆ ಕೂಡಿಸುವ ಅಂಕ 10. ಡ್ರ್ಯಾಗನ್‌ನ ಆರ್ಮರ್ ಕ್ಲಾಸ್, ಅಂದರೆ ಪೆಟ್ಟು ತಗಲಲು ದಾಳಿಯ ಒಟ್ಟು ಅಂಕ ಮುಟ್ಟಬೇಕಾದ ಗಡಿ, 19. ಆದ್ದರಿಂದ ಇಪ್ಪತ್ತು ಮುಖದ ದಾಳದಲ್ಲಿ 9 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಪೆಟ್ಟು ತಗಲುತ್ತದೆ, ಅಂದರೆ ಶೇ. 60 ಸಲ. ತಗುಲಿದ ಒಂದು ಪೆಟ್ಟಿನ ಸರಾಸರಿ 13, ಹಾಗಾಗಿ ಪ್ರತಿ ದಾಳಿಗೆ 7.8. ಸಾಮಾನ್ಯ ಸರದಿಯಲ್ಲಿ ಅವನಿಗೆ ಮೂರು ದಾಳಿ, 23 ಪೆಟ್ಟು. ವಿಶ್ರಾಂತಿಯವರೆಗೆ ಒಮ್ಮೆ ಮಾತ್ರ ಸಿಗುವ ಆ್ಯಕ್ಷನ್ ಸರ್ಜ್ ಬಳಸಿದ ಸರದಿಯಲ್ಲಿ ಆರು ದಾಳಿ, 47 ಪೆಟ್ಟು. ಇದೇ ರೀತಿಯಲ್ಲಿ, ಮೂರನೆಯ ಮಟ್ಟದ ಸ್ಲಾಟುಗಳನ್ನು ಸ್ಮೈಟ್‌ಗೆ (ಹೊಡೆತಕ್ಕೆ ಕೂಡುವ ದೈವಬಲಕ್ಕೆ) ಸುರಿದ ಪ್ಯಾಲಡಿನ್ (ಧರ್ಮಯೋಧ) 35, ಮರೆಯಿಂದ ಇರಿದ ರೋಗ್ (ಕಳ್ಳ) 24, ಶೀತದ ಮಂತ್ರ ಪ್ರಯೋಗಿಸಿದ ಮಾಂತ್ರಿಕ 21, ಕ್ಲೆರಿಕ್ (ಪುರೋಹಿತ) 12. ಮೊದಲ ಸುತ್ತಿನ ಒಟ್ಟು 139. ಎರಡನೆಯ ಸುತ್ತಿನಲ್ಲಿ ಆ್ಯಕ್ಷನ್ ಸರ್ಜ್ ಇಲ್ಲ, ಆದ್ದರಿಂದ 115. ಎರಡೂ ಸೇರಿ 254. ಡ್ರ್ಯಾಗನ್‌ನ ಹಿಟ್ ಪಾಯಿಂಟ್ 256.

ಈ ಲೆಕ್ಕ ಮುಗಿದಾಗ ನಾನು ಸ್ವಲ್ಪ ಹೊತ್ತು ಪೆನ್ಸಿಲು ಕೆಳಗಿಟ್ಟು ಕುಳಿತೆ. ಆಟಗಾರರಿಗೆ ವಿಶೇಷವಾದ ಅದೃಷ್ಟವೇನೂ ಇರಲಿಲ್ಲ. ನಡೆಯಬೇಕಾದದ್ದೇ ನಡೆದಿತ್ತು, ನಾನು ಮಾತ್ರ ಮೊದಲೇ ನೋಡಿರಲಿಲ್ಲ.

ಈಗ ಅದೇ ಐದು ಮಂದಿ ಕೋಟೆಯೊಳಗೆ ಎರಡು ಚಿಕ್ಕ ಕಾಳಗಗಳನ್ನು ಮುಗಿಸಿ, ವಿಶ್ರಾಂತಿಯಿಲ್ಲದೆ ಬಂದಿದ್ದಾರೆಂದು ಇಟ್ಟುಕೊಳ್ಳೋಣ. ಆ್ಯಕ್ಷನ್ ಸರ್ಜ್ ಮುಗಿದಿದೆ, ಸ್ಮೈಟ್‌ಗೆ ಸ್ಲಾಟಿಲ್ಲ, ಮಾಂತ್ರಿಕನ ಬಳಿ ಸ್ಲಾಟು ಬೇಡದ ಕ್ಯಾಂಟ್ರಿಪ್‌ಗಳಷ್ಟೇ ಉಳಿದಿವೆ. ಆಗ ಯೋಧ 23, ಪ್ಯಾಲಡಿನ್ 15, ರೋಗ್ 24, ಮಾಂತ್ರಿಕ 7, ಕ್ಲೆರಿಕ್ 12, ಒಟ್ಟು 81. ಅದೇ 256 ಹಿಟ್ ಪಾಯಿಂಟುಗಳಿಗೆ ಈಗ ನಾಲ್ಕು ಸುತ್ತು ಬೇಕು. ಡ್ರ್ಯಾಗನ್‌ನ ಒಂದಂಕೆಯನ್ನೂ ಬದಲಿಸದೆ ಅದರ ಆಯುಷ್ಯ ಎರಡುಪಟ್ಟಾಯಿತು. 2014ರ ನಿಯಮಪುಸ್ತಕ ಒಂದು ಸಾಹಸದ ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ನಿರೀಕ್ಷಿಸಿಯೇ ಲೆಕ್ಕ ಹಾಕಿದೆ. ವಾರಕ್ಕೊಮ್ಮೆ ಮೂರು ಗಂಟೆ ಕೂಡುವ ನಮ್ಮಂಥವರ ಮೇಜಿನಲ್ಲಿ ದಿನಕ್ಕೊಂದು ಕಾಳಗವೇ ಹೆಚ್ಚು. ಲೆಕ್ಕ ತಪ್ಪುವುದು ಅಲ್ಲಿಂದ.

ಆದ್ದರಿಂದ ಈ ಲಕ್ಷಣಕ್ಕೆ ಮೊದಲು ಪರೀಕ್ಷಿಸಬೇಕಾದದ್ದು ವಿಶ್ರಾಂತಿ. ಬಾಸ್‌ನ ಕೋಣೆಯ ಬಾಗಿಲಲ್ಲಿ ಎಂಟು ಗಂಟೆ ಮಲಗಲು ಕಥೆ ಅವಕಾಶ ಕೊಟ್ಟಿದೆಯೇ? ಕೊಟ್ಟಿದ್ದರೆ ಅದನ್ನು ಬಲವಂತದಿಂದ ತಡೆಯಬೇಕಾಗಿಲ್ಲ, ಅದಕ್ಕೊಂದು ಬೆಲೆ ಇರಲಿ: ಸೆರೆಯಾಳುಗಳನ್ನು ಬೆಳಗಾಗುವ ಮೊದಲು ಕೊಲ್ಲುತ್ತಾರೆ, ಭರತದ ಹೊತ್ತಿಗೆ ಹಡಗು ಹೊರಡುತ್ತದೆ, ಹೀಗೆ. ಮಲಗುವುದೋ ನುಗ್ಗುವುದೋ ಎಂಬ ತೀರ್ಮಾನ ಆಟಗಾರರದಾಗಿದ್ದರೆ, ಕಡಿಮೆ ಸ್ಲಾಟುಗಳೊಂದಿಗೆ ಬಂದುದನ್ನು ಅವರು ಅನ್ಯಾಯವೆಂದು ಭಾವಿಸುವುದಿಲ್ಲ.

ಎರಡನೆಯ ಪರೀಕ್ಷೆ ಸರದಿಗಳದ್ದು. ಐದು ಪಾತ್ರಗಳಿಗೆ ಸುತ್ತಿಗೆ ಐದು ಸರದಿ, ಬಾಸ್‌ಗೆ ಒಂದು. ಈ ಅಸಮತೆಯನ್ನು ಸರಿದೂಗಿಸಲೆಂದೇ ಲೆಜೆಂಡರಿ ಆ್ಯಕ್ಷನ್‌ಗಳನ್ನು ಇಟ್ಟಿದ್ದಾರೆ. ಡ್ರ್ಯಾಗನ್‌ಗೆ ಸುತ್ತಿಗೆ ಮೂರು, ಬೇರೆಯವರ ಸರದಿ ಮುಗಿದ ಕೂಡಲೇ ಒಂದೊಂದಾಗಿ ಬಳಸಬಹುದು. ಬಾಲದ ಒಂದು ಹೊಡೆತದ ಸರಾಸರಿ 17. ನನ್ನ ದಾಖಲೆಯಲ್ಲಿ, ಎರಡು ಸುತ್ತಿಗೆ ಸೇರಿ ನಾನು ಬಳಸಿದ್ದು ಮೂರು. ಇನ್ನುಳಿದ ಮೂರನ್ನು ಮರೆತಿದ್ದೆ! ನಕ್ಷೆ ನೋಡುತ್ತ, ಪೆಟ್ಟು ಕಳೆಯುತ್ತ, ಅತ್ತ ಮಳೆಗೆ ಕರೆಂಟು ಹೋದಾಗ ಚಿಮಣಿ ದೀಪ ಹಚ್ಚುತ್ತ ಇರುವ ಭಾಗವತನಿಗೆ ಇದು ಸಹಜವಾಗಿ ಆಗುವ ಮರೆವು. ಈಗ ಮೂರು ಮಂಜೊಟ್ಟಿ ಕಾಳುಗಳನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತೇನೆ. ಬಳಸಿದಾಗ ಒಂದನ್ನು ಸರಿಸುತ್ತೇನೆ, ಬಾಸ್‌ನ ಸರದಿ ಬಂದಾಗ ಮೂರನ್ನೂ ಮರಳಿ ಇಡುತ್ತೇನೆ. ಉಳಿದ ಕಾಳನ್ನು ಆಟಗಾರರೂ ನೋಡುತ್ತಿರುವುದರಿಂದ ಮೇಜಿನಲ್ಲಿ ಒಂದು ಬಗೆಯ ಆತಂಕ ಹುಟ್ಟುತ್ತದೆ, ಅದು ಬೇಕಾದದ್ದೇ.

ಮೂರನೆಯದು ಇನಿಷಿಯೇಟಿವ್, ಅಂದರೆ ಯಾರ ಸರದಿ ಮೊದಲು ಎಂದು ತೀರ್ಮಾನಿಸುವ ದಾಳ. 2014ರ ಪುಸ್ತಕದಲ್ಲಿ ಈ ಡ್ರ್ಯಾಗನ್‌ನ ಡೆಕ್ಸ್‌ಟೆರಿಟಿ (ಚುರುಕುತನ) 10, ಅಂದರೆ ಆ ದಾಳಕ್ಕೆ ಕೂಡಿಸಲು ಸೊನ್ನೆ. ಐವರೂ ಅದಕ್ಕಿಂತ ಮುಂಚೆ ಹೊಡೆಯುವ ಸಾಧ್ಯತೆ ಸಾಕಷ್ಟಿದೆ, ಮತ್ತು ಹಾಗಾದರೆ ಮೊದಲ ಸರದಿ ಬರುವಷ್ಟರಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಆಯುಷ್ಯ ಕಳೆದಿರುತ್ತದೆ. ಪರಿಷ್ಕೃತ ನಿಯಮಗಳಿಗೆ ಹೊಂದಿಸಿ 2025ರಲ್ಲಿ ಬಂದ ಮಾನ್‌ಸ್ಟರ್ ಮ್ಯಾನುಯಲ್‌ನಲ್ಲಿ ಇಂಥ ದೊಡ್ಡ ಜೀವಿಗಳ ಇನಿಷಿಯೇಟಿವ್ ಹೆಚ್ಚಿಸಿದ್ದಾರೆ. ಹಳೆಯ ಪುಸ್ತಕದಲ್ಲೇ ಆಡುವವರು ಬಾಸ್‌ನ ಸರದಿಯನ್ನು 20ರ ಎಣಿಕೆಗೆ ನಿಗದಿಮಾಡಿ ಅದನ್ನು ಮುಂಚಿತವಾಗಿ ಹೇಳಿಬಿಡಬಹುದು.

ನಾಲ್ಕನೆಯದನ್ನು ಬರೆಯಲು ಸಂಕೋಚವಾಗುತ್ತದೆ: ನನ್ನ ಡ್ರ್ಯಾಗನ್ ಹಾರಲೇ ಇಲ್ಲ. ಸುತ್ತಿಗೆ 80 ಅಡಿ ಹಾರಬಲ್ಲ, 60 ಅಡಿ ದೂರಕ್ಕೆ ಬೆಂಕಿಯುಗುಳಬಲ್ಲ ಜೀವಿಯನ್ನು ನಾನು ಅಂಗಳದ ನಡುವೆ ಇಳಿಸಿ ಖಡ್ಗದ ಅಳತೆಯಲ್ಲಿ ನಿಲ್ಲಿಸಿದ್ದೆ. ಯೋಧ ಮತ್ತು ಪ್ಯಾಲಡಿನ್ ಸೇರಿ ಮೊದಲ ಸುತ್ತಿನಲ್ಲಿ ಕೊಡಬಲ್ಲ 82 ಪೆಟ್ಟುಗಳೂ ಡ್ರ್ಯಾಗನ್ ಕೈಗೆಟುಕಿದರೆ ಮಾತ್ರ ಸಾಧ್ಯ. ಹಾಗೆಂದು ಅದನ್ನು ಇಡೀ ಕಾಳಗದಲ್ಲಿ ಆಕಾಶದಲ್ಲೇ ಇಟ್ಟರೆ ಆ ಇಬ್ಬರು ಆಟಗಾರರು ಕೈಕಟ್ಟಿ ಕುಳಿತಿರಬೇಕಾಗುತ್ತದೆ. ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ. ಇಳಿಯುವುದಕ್ಕೆ ಕಥೆಯಲ್ಲಿ ಕಾರಣವಿರಲಿ, ಮತ್ತು ಇಳಿಸುವುದಕ್ಕೆ ಆಟಗಾರರ ಕೈಯಲ್ಲೂ ಒಂದು ಉಪಾಯವಿರಲಿ.

ಲಕ್ಷಣ: ಬಾಸ್ ಬದುಕಿದೆ, ಆದರೆ ಏನೂ ಮಾಡುತ್ತಿಲ್ಲ

ಕಳೆದುಕೊಂಡ ಸರದಿಗಳ ಕಾಲಂನಲ್ಲಿ ಎರಡೋ ಮೂರೋ ಕಂಡರೆ ದೋಷ ಇರುವುದು ಇಲ್ಲಿ. ಐದನೆಯ ಮಟ್ಟದ ಹೋಲ್ಡ್ ಮಾನ್‌ಸ್ಟರ್ ಮಂತ್ರ ತಗುಲಿದ ಜೀವಿ ಮರಗಟ್ಟುತ್ತದೆ. ಅದರ ಮೇಲಿನ ದಾಳಿಗಳಿಗೆ ಎರಡು ದಾಳ ಎಸೆದು ಹೆಚ್ಚಿನದನ್ನು ಆಯ್ದುಕೊಳ್ಳುವ ಅನುಕೂಲವಿರುತ್ತದೆ, ಐದಡಿಯೊಳಗಿನಿಂದ ತಗುಲಿದ ಪ್ರತಿ ಪೆಟ್ಟೂ ಕ್ರಿಟಿಕಲ್ ಆಗುತ್ತದೆ, ಅಂದರೆ ಪೆಟ್ಟಿನ ದಾಳಗಳು ಎರಡುಪಟ್ಟಾಗುತ್ತವೆ. ಮೇಲೆ ಹೇಳಿದ ಯೋಧನ ಆರು ದಾಳಿಗಳಲ್ಲಿ ತಗಲುವ ಪ್ರಮಾಣ ಶೇ. 60ರಿಂದ 84ಕ್ಕೂ, ಒಂದು ಪೆಟ್ಟಿನ ಸರಾಸರಿ 13ರಿಂದ 20ಕ್ಕೂ ಏರಿ, 47 ಇದ್ದ ಒಟ್ಟು ಪೆಟ್ಟು 101 ಆಗುತ್ತದೆ. ಒಂದೇ ಮಂತ್ರ ಬಾಸ್‌ನ ಸರದಿಯನ್ನೂ ಕಸಿದು, ಎದುರಾಳಿಯ ಬಲವನ್ನೂ ಎರಡುಪಟ್ಟು ಮಾಡುತ್ತದೆ.

ಇದಕ್ಕೆ ಪುಸ್ತಕದ ಉತ್ತರ ಲೆಜೆಂಡರಿ ರೆಸಿಸ್ಟೆನ್ಸ್. ಮಂತ್ರದಿಂದ ತಪ್ಪಿಸಿಕೊಳ್ಳಲು ಎಸೆಯುವ ದಾಳದಲ್ಲಿ (ಸೇವಿಂಗ್ ಥ್ರೋ) ಸೋತಾಗ, ದಿನಕ್ಕೆ ಮೂರು ಬಾರಿ ಬಾಸ್ ತನ್ನ ಸೋಲನ್ನು ಗೆಲುವೆಂದು ಘೋಷಿಸಬಹುದು. ಕೆಲಸ ಮಾಡುತ್ತದೆ, ಆದರೆ ಮಂತ್ರ ಹಾಕಿದವರ ಮುಖ ಬಾಡುತ್ತದೆ. ನಮ್ಮಲ್ಲಿ ಮಾಂತ್ರಿಕನ ಪಾತ್ರ ಆಡುವ ಅಕ್ಕ ಶಾಲೆಯಲ್ಲಿ ಗಣಿತ ಕಲಿಸುವವರು; ಶೇ. 45 ಸಾಧ್ಯತೆಯನ್ನು ನಂಬಿ ಹಾಕಿದ ಮಂತ್ರ ದಾಳದ ಲೆಕ್ಕದಲ್ಲಿ ಗೆದ್ದೂ, "ಇಲ್ಲ, ತಪ್ಪಿಸಿಕೊಂಡಿತು" ಎಂಬ ನನ್ನ ಒಂದು ಮಾತಿನಲ್ಲಿ ಸೋತಾಗ ಅವರು ಆ ಸರದಿಯಲ್ಲಿ ತಾನು ಆಡಿದ್ದಕ್ಕೆ ಏನು ಬೆಲೆ ಎಂದು ಕೇಳಿದ್ದರು. ಅವರು ಕೇಳಿದ್ದು ಸರಿಯಾಗಿತ್ತು. ಅಂದಿನಿಂದ ನಾನು ಪ್ರತಿ ರೆಸಿಸ್ಟೆನ್ಸ್‌ಗೂ ಕಣ್ಣಿಗೆ ಕಾಣುವ ನಷ್ಟವೊಂದನ್ನು ಕಟ್ಟಿದ್ದೇನೆ. ಮೊದಲ ಬಾರಿ ಬಳಸಿದಾಗ ಡ್ರ್ಯಾಗನ್‌ನ ಎದೆಯ ಹುರುಪೆಗಳು ಒಡೆದು ಆರ್ಮರ್ ಕ್ಲಾಸ್ 19ರಿಂದ 17ಕ್ಕೆ ಇಳಿಯುತ್ತದೆ. ಎರಡನೆಯ ಬಾರಿ ಒಂದು ರೆಕ್ಕೆ ಹರಿದು ಹಾರುವ ವೇಗ ಅರ್ಧವಾಗುತ್ತದೆ. ಮೂರನೆಯ ಬಾರಿ ಸುತ್ತಿಗೆ ಮೂರಿದ್ದ ಲೆಜೆಂಡರಿ ಆ್ಯಕ್ಷನ್ ಎರಡಾಗುತ್ತದೆ. ಇದು ಪುಸ್ತಕದಲ್ಲಿಲ್ಲದ, ನಮ್ಮ ಮೇಜಿನ ನಿಯಮ. ಮಂತ್ರ ವಿಫಲವಾಯಿತೆಂಬ ಭಾವನೆ ಹೋಗಿ, ಮಂತ್ರವೂ ಒಂದು ಪೆಟ್ಟೆಂಬ ಭಾವನೆ ಬಂತು.

ಒಂದು ಎಚ್ಚರಿಕೆ ಅಗತ್ಯ. ವಾಲ್ ಆಫ್ ಫೋರ್ಸ್, ಫೋರ್ಸ್‌ಕೇಜ್ ಇಂಥ ಗೋಡೆ, ಪಂಜರ ಕಟ್ಟುವ ಮಂತ್ರಗಳು ಬಾಸ್‌ನನ್ನು ಆವರಿಸುವಾಗ ಸೇವಿಂಗ್ ಥ್ರೋವನ್ನೇ ಕೇಳುವುದಿಲ್ಲ. ಆದ್ದರಿಂದ ಲೆಜೆಂಡರಿ ರೆಸಿಸ್ಟೆನ್ಸ್ ಅಲ್ಲಿ ನಿರುಪಯೋಗಿ. ನಿಮ್ಮ ಆಟಗಾರರ ಮಂತ್ರಗಳ ಪಟ್ಟಿಯಲ್ಲಿ ಇವು ಇದ್ದರೆ ಒಬ್ಬನೇ ಬಾಸ್ ಇರುವ ಕಾಳಗವನ್ನು ಕಟ್ಟಬೇಡಿ. ಗೋಡೆಯ ಈಚೆ ಬದಿಯಲ್ಲಿ ಕಾಳಗ ಮುಂದುವರಿಸಲು ಬಾಸ್‌ನ ಬಂಟರು ಇರಬೇಕು.

ಬಂಟರನ್ನು ಸೇರಿಸುವ ಬಗ್ಗೆ

ಬಂಟರೆಲ್ಲರನ್ನೂ ಆರಂಭದಲ್ಲೇ ಒಂದು ಕಡೆ ಗುಂಪಾಗಿ ನಿಲ್ಲಿಸುವುದು ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರಕ್ಕೆ ಕೊಟ್ಟ ಆಹ್ವಾನ. ಆರು ಮುಖದ 8 ದಾಳಗಳ ಸರಾಸರಿ 28. ಸಣ್ಣ ಸೈನಿಕರು ಅಷ್ಟಕ್ಕೇ ಬೂದಿ. ಎರಡನೆಯ ಸುತ್ತಿಗೆ ಒಂದು ದಿಕ್ಕಿನಿಂದ ಇಬ್ಬರು, ಮೂರನೆಯದಕ್ಕೆ ಇನ್ನೊಂದು ದಿಕ್ಕಿನಿಂದ ಮೂವರು ಎಂಬಂತೆ ಬಂದರೆ ಆಟಗಾರರು ಪ್ರತಿ ಸುತ್ತಿನಲ್ಲೂ ಹೊಸದಾಗಿ ಯೋಚಿಸಬೇಕಾಗುತ್ತದೆ.

ಈ ವಿಷಯದಲ್ಲಿ ನನಗೆ ಹೆಚ್ಚು ಕಲಿಸಿದ್ದು ಹರಕೆಯಾಟಗಳಲ್ಲಿ ನೋಡುತ್ತ ಬೆಳೆದ ದೇವೀಮಹಾತ್ಮೆಯ ಪ್ರಸಂಗ. ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರಿಗೆ ರಕ್ತಬೀಜನ ಕಥೆಯನ್ನು ಹೇಳಬೇಕಾಗಿಲ್ಲ: ನೆಲಕ್ಕೆ ಬಿದ್ದ ಅವನ ಪ್ರತಿ ರಕ್ತಬಿಂದುವಿನಿಂದ ಇನ್ನೊಬ್ಬ ರಾಕ್ಷಸ ಏಳುತ್ತಾನೆ, ಹೊಡೆದಷ್ಟೂ ಎದುರಾಳಿಗಳು ಹೆಚ್ಚುತ್ತಾರೆ, ಕೊನೆಗೆ ಕಾಳಿ ರಕ್ತ ನೆಲ ಮುಟ್ಟದಂತೆ ನಾಲಗೆ ಚಾಚಿದಾಗಲೇ ಅವನ ಅಂತ್ಯ. ಕಾಳಗದ ವಿನ್ಯಾಸವಾಗಿ ನೋಡಿದರೆ ಇಲ್ಲಿ ಒಂದು ಅಪಾಯವಿದೆ, ಅದು ಕಣ್ಣೆದುರೇ ಬೆಳೆಯುತ್ತದೆ, ಅದಕ್ಕೊಂದು ಕೀಲಿಯಿದೆ, ಆ ಕೀಲಿ ನೋಡಿ ತಿಳಿಯುವಂಥದು. ಬರಿದೇ ಬಲವಾಗಿ ಹೊಡೆಯುವವನು ಅಲ್ಲಿ ಸೋಲುತ್ತಾನೆ. ನಿಮ್ಮ ಬಾಸ್‌ನ ಬಂಟರು ಎಲ್ಲಿಂದ ಬರುತ್ತಾರೆ ಎಂಬುದು ಆಟಗಾರರಿಗೆ ಕಾಣುತ್ತಿರಲಿ, ಆ ಬಾಗಿಲನ್ನು ಮುಚ್ಚುವ ಕೆಲಸ ಒಂದು ಸರದಿಯ ಬೆಲೆಗೆ ಸಾಧ್ಯವಾಗಿರಲಿ.

ಲಕ್ಷಣ: ಕಾಳಗ ಎಳೆಯುತ್ತದೆ

ಇದು ಹಿಟ್ ಪಾಯಿಂಟ್ ಹೆಚ್ಚಿಸಿದವರ ರೋಗ. ನಾಲ್ಕನೆಯ ಸುತ್ತಿನ ನಂತರ ಆಟಗಾರರು "ಮತ್ತೆ ಅದೇ" ಎಂದು ಹೇಳಿ ದಾಳ ಎಸೆಯತೊಡಗಿದರೆ, ಫೋನಿನ ಕಡೆ ಕೈ ಹೋಗತೊಡಗಿದರೆ, ಸೋಲುಗೆಲುವು ಆಗಲೇ ತೀರ್ಮಾನವಾಗಿದೆ, ಲೆಕ್ಕ ಮಾತ್ರ ಬಾಕಿಯಿದೆ ಎಂದರ್ಥ. ನಮ್ಮಲ್ಲಿ ಒಬ್ಬ ಆಟಗಾರನ ಸರದಿಗೆ ಸುಮಾರು ಮೂರು ನಿಮಿಷ, ನನ್ನದಕ್ಕೆ ಐದು. ಒಂದು ಸುತ್ತಿಗೆ 20 ನಿಮಿಷ. ಎಂಟು ಸುತ್ತಿನ ಕಾಳಗವೆಂದರೆ ಎರಡು ಗಂಟೆ 40 ನಿಮಿಷ. ಅಷ್ಟು ಹೊತ್ತು ಯಾವ ಡ್ರ್ಯಾಗನ್ನೂ ಭಯಂಕರವಾಗಿ ಉಳಿಯುವುದಿಲ್ಲ.

ಈ ಆಟವನ್ನು ರೂಪಿಸಿದವರೇ ಇದನ್ನು ಅನುಭವಿಸಿದ್ದಾರೆ. 2008ರ ನಾಲ್ಕನೆಯ ಆವೃತ್ತಿಯಲ್ಲಿ ಇಡೀ ಗುಂಪಿನೆದುರು ಒಂಟಿಯಾಗಿ ನಿಲ್ಲಲೆಂದೇ ಸೊಲೊ ಎಂಬ ವರ್ಗದ ಜೀವಿಗಳಿದ್ದವು. ಅವುಗಳಿಗೆ ಹಿಟ್ ಪಾಯಿಂಟ್ ಬಹಳ, ಹೊಡೆತದ ಬಲ ಅದಕ್ಕೆ ತಕ್ಕಷ್ಟಿಲ್ಲ. ಕಾಳಗಗಳು ಎಳೆದವು, ಮತ್ತು 2009–10ರ ಪುಸ್ತಕಗಳಲ್ಲಿ ಹಿಟ್ ಪಾಯಿಂಟ್ ಇಳಿಸಿ ಹೊಡೆತದ ಬಲ ಹೆಚ್ಚಿಸಿದರು. ಆರ್ಮರ್ ಕ್ಲಾಸ್ ಏರಿಸುವುದು ಇನ್ನೂ ಕೆಟ್ಟದ್ದು: 19ರ ಬದಲು 22 ಮಾಡಿದರೆ ನಮ್ಮ ಯೋಧನ ಪೆಟ್ಟು ತಗಲುವ ಸಾಧ್ಯತೆ ಶೇ. 60ರಿಂದ 45ಕ್ಕೆ ಇಳಿಯುತ್ತದೆ. ಕಾಳಗ ಉದ್ದವಾಗುವುದು ನಿಜ, ಆದರೆ ಆ ಉದ್ದದಲ್ಲಿ ತುಂಬಿರುವುದು ತಪ್ಪಿದ ಪೆಟ್ಟುಗಳು. ಇದೇ ಬಗೆಯ ಇನ್ನೊಂದು ಆಟವಾದ ಪಾಥ್‌ಫೈಂಡರ್‌ನ ಎರಡನೆಯ ಆವೃತ್ತಿಯಲ್ಲಿ ಆಡುವವರಿಗೆ ಇದು ಇನ್ನೂ ತೀಕ್ಷ್ಣ. ಅಲ್ಲಿ ಗುಂಪಿಗಿಂತ ಮೂರು ಮಟ್ಟ ಮೇಲಿನ ಒಂಟಿ ಜೀವಿ ತೀವ್ರ ಕಾಳಗ, ನಾಲ್ಕು ಮಟ್ಟ ಮೇಲಿನದು ಪರಮಾವಧಿ. ಆರ್ಮರ್ ಕ್ಲಾಸನ್ನು 10ರಿಂದ ಮೀರಿದರೆ ಕ್ರಿಟಿಕಲ್ ಆಗುವುದರಿಂದ ಮಟ್ಟದ ಅಂತರ ಎರಡೂ ಕಡೆಯಿಂದ ಹೊಡೆಯುತ್ತದೆ. ಅಲ್ಲಿ ನಾಲ್ಕರ ಅಂತರವನ್ನು ನಾನು ಬಳಸುವುದಿಲ್ಲ.

ಎಳೆಯುವ ಕಾಳಗಕ್ಕೆ ಮದ್ದು ಅರ್ಧದಲ್ಲಿ ರೂಪ ಬದಲಿಸುವುದು. ದೇವೀಮಾಹಾತ್ಮ್ಯದ ಮಹಿಷಾಸುರ ಕೋಣನಾಗಿ ಬರುತ್ತಾನೆ, ಸಿಂಹವಾಗುತ್ತಾನೆ, ಖಡ್ಗ ಹಿಡಿದ ಮನುಷ್ಯನಾಗುತ್ತಾನೆ, ಆನೆಯಾಗುತ್ತಾನೆ, ಮತ್ತೆ ಕೋಣನಾಗುತ್ತಾನೆ. ಪ್ರತಿ ರೂಪಕ್ಕೂ ದೇವಿಯ ಉತ್ತರ ಬೇರೆ. ಸಾವು ಬರುವುದು ಅವನು ಕೋಣನ ದೇಹದಿಂದ ಅರ್ಧ ಹೊರಬಂದ ಗಳಿಗೆಯಲ್ಲಿ. ನಮ್ಮ ಗುಂಪಿನಲ್ಲಿ ಮದ್ದಳೆ ನುಡಿಸುವವರು ಹೇಳಿದ ಮಾತು ನೆನಪಿನಲ್ಲಿದೆ: ಕಾಳಗದ ಏರುಪದ ಒಮ್ಮೆ ಶುರುವಾದ ಮೇಲೆ ಭಾಗವತರು ಲಯವನ್ನು ಇಳಿಸುವುದಿಲ್ಲ, ವೇಷಧಾರಿ ದಣಿಯುವ ಮೊದಲೇ ವಧೆಯಾಗಬೇಕು. 128 ಹಿಟ್ ಪಾಯಿಂಟಿಗೆ ಬಂದಾಗ ನನ್ನ ಡ್ರ್ಯಾಗನ್ ಈಗ ಹಾರುವುದನ್ನು ಬಿಟ್ಟು ಕೋಟೆಯನ್ನೇ ಕೆಡವತೊಡಗುತ್ತದೆ. ಅದರ ಹೊಡೆತ ಹೆಚ್ಚುತ್ತದೆ, ರಕ್ಷಣೆ ಕಡಿಮೆಯಾಗುತ್ತದೆ. ಎರಡನೆಯ ಅರ್ಧ ಮೊದಲನೆಯದಕ್ಕಿಂತ ವೇಗವಾಗಿ ಮುಗಿಯಬೇಕು.

ಲಕ್ಷಣ: ಒಂದೇ ಉಸಿರಿಗೆ ಗುಂಪು ನೆಲಕ್ಕೆ

ಬೇಗ ಸಾಯುವ ಬಾಸ್‌ಗೆ ಹೆದರಿ ಬಲ ಹೆಚ್ಚಿಸಿದಾಗ ಬರುವ ದೋಷವಿದು. ಕೆಂಪು ಡ್ರ್ಯಾಗನ್‌ನ ಬೆಂಕಿ ಆರು ಮುಖದ 18 ದಾಳ, ಸರಾಸರಿ 63, ತಪ್ಪಿಸಿಕೊಳ್ಳಲು ಬೇಕಾದ ಅಂಕ 21. ಅಕ್ಕನ ಮಾಂತ್ರಿಕನ ಹಿಟ್ ಪಾಯಿಂಟ್ 68, ಡೆಕ್ಸ್‌ಟೆರಿಟಿಯಿಂದ ಕೂಡಿಸುವುದು 2. ದಾಳದಲ್ಲಿ 19 ಅಥವಾ 20 ಬಿದ್ದರೆ ಮಾತ್ರ ಪೆಟ್ಟು ಅರ್ಧವಾಗುತ್ತದೆ, ಅಂದರೆ ಹತ್ತರಲ್ಲಿ ಒಂದು ಸಲ. ಉಸಿರಿನ ನಂತರ ಬಾಲದ ಒಂದು ಹೊಡೆತ ಸಾಕು, ಆ ಪಾತ್ರ ಸೊನ್ನೆಗೆ ಇಳಿಯಲು. ಬೆಂಕಿ ಮರಳಿ ಬರುವುದು ಆರು ಮುಖದ ದಾಳದಲ್ಲಿ 5 ಅಥವಾ 6 ಬಿದ್ದಾಗ, ಮೂರರಲ್ಲಿ ಒಂದು ಸಾಧ್ಯತೆ. ಎರಡು ಸರದಿ ಬೆನ್ನುಬೆನ್ನಿಗೆ ಮರಳುವುದು ಒಂಬತ್ತರಲ್ಲಿ ಒಂದು, ಮತ್ತು ಅದು ಆಗಿಯೇ ಆಗುತ್ತದೆ.

ಇಲ್ಲಿ ಪೆಟ್ಟನ್ನು ಕಡಿಮೆ ಮಾಡಬೇಕೆಂದು ನನಗೆ ಅನಿಸುವುದಿಲ್ಲ. ಡ್ರ್ಯಾಗನ್‌ನ ಬೆಂಕಿ ಡ್ರ್ಯಾಗನ್‌ನ ಬೆಂಕಿಯಾಗಿಯೇ ಇರಬೇಕು. ಮುನ್ಸೂಚನೆ ಕೊಟ್ಟರೆ ಸಾಕು. ಬೆಂಕಿ ಮರಳಿದೆಯೇ ಎಂಬ ದಾಳವನ್ನು ನಿಯಮದ ಪ್ರಕಾರ ಬಾಸ್‌ನ ಸರದಿಯ ಆರಂಭದಲ್ಲಿ ಎಸೆಯಬೇಕು; ನಾನು ಅದನ್ನು ಹಿಂದಿನ ಸರದಿಯ ಕೊನೆಯಲ್ಲೇ ಎಲ್ಲರೆದುರು ಎಸೆಯುತ್ತೇನೆ. 5 ಅಥವಾ 6 ಬಿದ್ದರೆ ಗಂಟಲು ಕೆಂಪೇರುತ್ತಿದೆ ಎಂದು ಹೇಳುತ್ತೇನೆ. ಆಗ ಆಟಗಾರರಿಗೆ ಚದುರಲು, ಗೋಡೆಯ ಮರೆಗೆ ಹೋಗಲು, ಅಗ್ನಿನಿರೋಧದ ಮಂತ್ರ ಹಾಕಲು ಒಂದು ಸುತ್ತು ಸಿಗುತ್ತದೆ. ಕೇಳಿಯೂ ಬಯಲಲ್ಲಿ ನಿಂತವರು ಸುಟ್ಟರೆ ಅದು ಅವರ ಆಯ್ಕೆ.

ಮರೆಯಾಗಲು ಜಾಗವೂ ಇರಬೇಕಷ್ಟೆ. ಮೊದಲ ಸಲ ನನ್ನ ನಕ್ಷೆ ಒಂದು ಖಾಲಿ ಅಂಗಳವಾಗಿತ್ತು. ಆಮೇಲೆ ಬೇಕಲದ ಕೋಟೆಗೆ ಹೋಗಿ, ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಆ ಮುರಕಲ್ಲಿನ ಗೋಡೆಗಳ ಮೇಲೆ ಅರ್ಧ ದಿನ ನಡೆದು, ಇಳಿಜಾರು ದಾರಿಯಿರುವ ನಡುವಿನ ಗೋಪುರ, ಮೆಟ್ಟಿಲಿಳಿದು ಹೋಗುವ ಕೊಳ, ಸುರಂಗದ ಬಾಯಿ, ಕಡಲ ಕಡೆಗೆ ಚಾಚಿದ ಕೊತ್ತಳ ಇವನ್ನೆಲ್ಲ ಚೌಕಳಿ ಹಾಳೆಯಲ್ಲಿ ಬರೆದುಕೊಂಡು ಬಂದೆ. ಆಟಗಾರರೆಲ್ಲ ಆ ಕೋಟೆಯನ್ನು ಚಿಕ್ಕಂದಿನಿಂದ ಬಲ್ಲವರು, ಆದ್ದರಿಂದ ಯಾವ ಗೋಡೆಯ ಹಿಂದೆ ನಿಂತರೆ ಏನು ಕಾಣುತ್ತದೆಂದು ವಿವರಿಸುವ ಕೆಲಸ ಉಳಿಯಿತು.

ಆಟದ ನಡುವೆ ತಿದ್ದುವುದು

ಕಾಳಗ ನಡೆಯುತ್ತಿರುವಾಗಲೇ ದೋಷ ಕಂಡರೆ ಏನು ಮಾಡಬೇಕು? ಬಾಸ್‌ನ ಹಿಟ್ ಪಾಯಿಂಟುಗಳನ್ನು ಗುಟ್ಟಾಗಿ ಏರಿಸುವುದು, ಪರದೆಯ ಹಿಂದೆ ಬಿದ್ದ ದಾಳವನ್ನು ಸುಳ್ಳು ಹೇಳುವುದು ಅನೇಕರ ರೂಢಿ. ನಾನು ಇದನ್ನು ಒಪ್ಪುವುದಿಲ್ಲ. ರೋಗ್‌ನ ಪಾತ್ರ ಆಡುವ ಕಾಲೇಜು ಹುಡುಗ ಪ್ರತಿ ಪೆಟ್ಟನ್ನೂ ಕೂಡಿಸಿ ಬರೆದುಕೊಳ್ಳುತ್ತಾನೆ. ಒಮ್ಮೆ ಅವನ ಲೆಕ್ಕ ನನ್ನ ಲೆಕ್ಕಕ್ಕೆ ತಾಳೆಯಾಗದಿದ್ದರೆ, ಅಲ್ಲಿಯವರೆಗಿನ ಹದಿನಾಲ್ಕು ತಿಂಗಳ ಗೆಲುವುಗಳೂ ಅವನಿಗೆ ಅನುಮಾನದವಾಗುತ್ತವೆ.

ಮಹಾಳಿ ರೋಗಕ್ಕೆ ಅಡಿಕೆತೋಟದಲ್ಲಿ ಬೋರ್ಡೋ ದ್ರಾವಣ ಬಿಡುವುದು ಮಳೆಗಾಲ ಹಿಡಿಯುವ ಮುನ್ನ. ಗೊನೆ ಉದುರತೊಡಗಿದ ಮೇಲೆ ಬಿಟ್ಟು ಪ್ರಯೋಜನ ಕಡಿಮೆ. ಹಾಗೆಯೇ ತಿದ್ದುಪಡಿಗಳನ್ನೂ ಆಟಕ್ಕೆ ಮೊದಲೇ ಬರೆದು, ಮಡಚಿ, ಮೇಜಿನ ಮೇಲೆ ಲೋಟದ ಅಡಿಯಲ್ಲಿ ಇಡುತ್ತೇನೆ. ನನ್ನ ಚೀಟಿಯಲ್ಲಿ ಮೂರು ಸಾಲುಗಳಿದ್ದವು. ಎರಡನೆಯ ಸುತ್ತಿನ ಕೊನೆಗೆ ಡ್ರ್ಯಾಗನ್‌ನ ಹಿಟ್ ಪಾಯಿಂಟ್ 100ಕ್ಕಿಂತ ಕಡಿಮೆಯಿದ್ದರೆ ಸುರಂಗದಿಂದ ಇನ್ನೂ ಇಬ್ಬರು ಬಂಟರು. ಮೂರು ಪಾತ್ರಗಳು ಒಟ್ಟಿಗೆ ನೆಲಕ್ಕೆ ಬಿದ್ದರೆ ಡ್ರ್ಯಾಗನ್ ಬಿದ್ದವರನ್ನು ಬಿಟ್ಟು ನಿಧಿಯ ಕಡೆ ತಿರುಗುತ್ತದೆ, ಏಕೆಂದರೆ ಅದರ ದುರಾಸೆಯನ್ನು ಕಥೆ ಮೊದಲಿನಿಂದ ಹೇಳುತ್ತ ಬಂದಿದೆ. ಆರನೆಯ ಸುತ್ತು ಆರಂಭವಾದರೆ ಗೋಪುರ ಕುಸಿದು ಇಬ್ಬದಿಯವರಿಗೂ ಪೆಟ್ಟು. ಕಾಳಗ ಮುಗಿದ ಮೇಲೆ ಚೀಟಿಯನ್ನು ಬಿಚ್ಚಿ ತೋರಿಸುತ್ತೇನೆ.

ಮರುಪರೀಕ್ಷೆ

ದೀಪಾವಳಿಯ ರಜೆಯಲ್ಲಿ ಅದೇ ಐದು ಮಂದಿಯನ್ನು ಕರೆದು, ಅದೇ ಕಾಳಗವನ್ನು ಮತ್ತೊಮ್ಮೆ ಆಡೋಣವೇ ಎಂದು ಕೇಳಿದೆ. ಒಪ್ಪಿದರು. ಡ್ರ್ಯಾಗನ್‌ನ 256 ಹಿಟ್ ಪಾಯಿಂಟುಗಳನ್ನಾಗಲಿ, ಆರಂಭದ 19ರ ಆರ್ಮರ್ ಕ್ಲಾಸನ್ನಾಗಲಿ ಮುಟ್ಟಲಿಲ್ಲ. ಸುರಂಗದಲ್ಲೊಂದು, ಕೊಳದ ಬಳಿ ಒಂದು ಚಿಕ್ಕ ಕಾಳಗ. ಸೆರೆಯಾಳುಗಳಿದ್ದುದರಿಂದ ಮಲಗಲು ಯಾರೂ ಸೂಚಿಸಲಿಲ್ಲ. ಪ್ಯಾಲಡಿನ್ ಎರಡು ಸ್ಲಾಟುಗಳನ್ನು ಹೇಗೋ ಉಳಿಸಿಕೊಂಡಿದ್ದ.

ದಾಖಲೆಯ ಹಾಳೆ ನನ್ನ ಎದುರಿಗಿದೆ. ಮೊದಲ ಸುತ್ತು, 58 ಪೆಟ್ಟು. ಎರಡನೆಯದು, 47, ಡ್ರ್ಯಾಗನ್ ಗೋಪುರದ ಮೇಲಿತ್ತು, ಭಾವನ ಯೋಧ ಇಳಿಜಾರನ್ನು ಏರುವುದರಲ್ಲೇ ಸರದಿ ಕಳೆದ. ಮೂರನೆಯದು, 71, ಮಾಂತ್ರಿಕನ ಮಂತ್ರಕ್ಕೆ ಒಂದು ರೆಸಿಸ್ಟೆನ್ಸ್ ಖರ್ಚಾಗಿ ಎದೆಯ ಹುರುಪೆ ಒಡೆಯಿತು, ಕ್ಲೆರಿಕ್ ಬೆಂಕಿಗೆ ಸಿಕ್ಕಿ ಬಿದ್ದ. ನಾಲ್ಕನೆಯದು, 52, ಸುರಂಗದ ಬಾಗಿಲನ್ನು ರೋಗ್ ಮುಚ್ಚಿದ, ಪ್ಯಾಲಡಿನ್ ಕ್ಲೆರಿಕ್‌ನನ್ನು ಎಬ್ಬಿಸಿ ತಾನೇ ಬಿದ್ದ. ಐದನೆಯ ಸುತ್ತಿನಲ್ಲಿ ಡ್ರ್ಯಾಗನ್‌ನ ಬಳಿ 28 ಉಳಿದಿತ್ತು, ಗಂಟಲು ಕೆಂಪೇರಿತ್ತು, ಮೇಜಿನ ಮೇಲೆ ಒಂದು ಮಂಜೊಟ್ಟಿ ಕಾಳು ಬಾಕಿಯಿತ್ತು. ಭಾವ ಎದ್ದುನಿಂತು ದಾಳ ಎಸೆದರು. ಮೂರು ದಾಳಿಗಳಲ್ಲಿ ಮೊದಲನೆಯದು ತಪ್ಪಿತು. ಉಳಿದೆರಡೂ ತಗುಲಿದವು, 14 ಮತ್ತು 15. ಗಡಿಯಾರ ನೋಡಿದೆ: ಒಂದು ಗಂಟೆ 50 ನಿಮಿಷ. ಲೋಟದ ಅಡಿಯ ಚೀಟಿಯ ಮೂರು ಸಾಲುಗಳಲ್ಲಿ ಒಂದೂ ಬೇಕಾಗಿರಲಿಲ್ಲ.